ಒಂದೇ ಥರದ ಎರಡು ಜಾಯ್‌ಸ್ಟಿಕ್ ಬೋರ್ಡ್: ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತೆ (ರೆಟ್ರೊಪೈ)

ಹಳೇಗೇಮು:
ಎಲ್ಲರಿಗೂ ನಮಸ್ಕಾರ. ಮನೇಲೇ ಪ್ಲೈವುಡ್ ಕತ್ತರಿಸಿ, ಇಬ್ಬರು ನಿಂತು ಆಡೋ ಆರ್ಕೇಡ್ ಪೆಟ್ಟಿಗೆ ಮಾಡ್ತಿದ್ದೀವಿ. ಒಳಗಿರೋದು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಅದರಲ್ಲಿ ಹಳೇ ಗೇಮ್ ಆಡಿಸೋ ರೆಟ್ರೊಪೈ 4.8 ಸಾಫ್ಟ್‌ವೇರ್. ಎರಡು ಝೀರೊ ಡಿಲೇ ಯುಎಸ್‌ಬಿ ಎನ್‌ಕೋಡರ್ ಬೋರ್ಡ್ (ಸ್ಟಿಕ್, ಬಟನ್ ಒತ್ತಿದ್ದನ್ನ ಪೈಗೆ ತಿಳಿಸೋದು), ಮೈಕ್ರೊಸ್ವಿಚ್ ಇರೋ ಎರಡು ಸ್ಟಿಕ್, ತಲಾ ಆರು ಬಟನ್, ಜೊತೆಗೆ ಸ್ಟಾರ್ಟ್ ಮತ್ತು ಸೆಲೆಕ್ಟ್. ಎಲ್ಲಾ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದಿದ್ದು.

ರೆಟ್ರೊಪೈನ ಮೆನು ಆದ ಎಮ್ಯುಲೇಶನ್‌ಸ್ಟೇಶನ್‌ನಲ್ಲಿ ಮೊದಲನೇ ಕಡೆಯ ಬೋರ್ಡನ್ನ ಕಾನ್ಫಿಗರ್ ಮಾಡಿದರೆ ಚೆನ್ನಾಗೇ ನಡೆಯುತ್ತೆ. ಎರಡನೇದನ್ನ ಮಾಡಿದ ಕೂಡಲೇ ಅದು ಸರಿಹೋಗಿ ಮೊದಲನೇದು ಎಡವಟ್ಟಾಗುತ್ತೆ. ಪಂಚ್ ಒತ್ತಿದರೆ ಕಿಕ್ ಬೀಳುತ್ತೆ, ಸ್ಟಾರ್ಟ್ ಒತ್ತಿದರೆ ಏನೂ ಆಗಲ್ಲ. ತಿರುಗಾ ಮೊದಲನೇದು ಮಾಡಿದರೆ ಎರಡನೇದು ಹೋಯ್ತು. ಎಸ್‌ಡಿ ಕಾರ್ಡಿಗೆ ಹೊಸದಾಗಿ ಇಮೇಜ್ ಹಾಕಿದರೂ ಅದೇ ಕತೆ. ಬೋರ್ಡೇ ಕೆಟ್ಟಿದೆಯಾ, ಬದಲಾಯಿಸಬೇಕಾ?

ಬೆಸುಗೆಕಡ್ಡಿ:
ಬೋರ್ಡ್ ಕೆಟ್ಟಿಲ್ಲ ಸಾರ್, ದುಡ್ಡು ಹಾಕೋಕೆ ಹೋಗಬೇಡಿ. ಹೊಸ ಇಮೇಜೂ ಬೇಕಿರಲಿಲ್ಲ.

ಕಾನ್ಫಿಗರ್ ಮಾಡುವಾಗ ಪರದೆ ಮೇಲೆ ಬರೋ ಹೆಸರು ನೋಡಿ. ಎರಡಕ್ಕೂ ಒಂದೇ ಇರುತ್ತೆ, ಸಾಮಾನ್ಯವಾಗಿ 'ಡ್ರಾಗನ್‌ರೈಸ್ ಇಂಕ್. ಜೆನೆರಿಕ್ ಯುಎಸ್‌ಬಿ ಜಾಯ್‌ಸ್ಟಿಕ್' ಅಂತ. ಎಮ್ಯುಲೇಶನ್‌ಸ್ಟೇಶನ್ ಬಟನ್ ವಿವರ ಬರೆದಿಟ್ಟುಕೊಳ್ಳೋದು ಬೋರ್ಡಿನ ಹೆಸರು, ಐಡಿ ನೋಡಿ. ಒಳಗೆ ಆಟ ಓಡಿಸೋ ರೆಟ್ರೊಆರ್ಚ್ ಕೂಡ ಒಂದು ಹೆಸರಿಗೆ ಒಂದೇ ಆಟೋಕಾನ್ಫಿಗ್ ಫೈಲ್ (ಬಟನ್ ವಿವರದ ಫೈಲ್) ಇಟ್ಟುಕೊಂಡಿರುತ್ತೆ. ನೀವು ಎರಡನೇದನ್ನ ಕಾನ್ಫಿಗರ್ ಮಾಡಿದಾಗ ಮೊದಲನೇದರ ಮೇಲೇ ಬರೆದ ಹಾಗಾಯ್ತು.

ಎರಡರ ವೈರಿಂಗೂ ಒಂದೇ ಇದ್ದರೆ ಇದರಿಂದ ತೊಂದರೆಯೇ ಇಲ್ಲ, ಒಂದು ಸಲ ಕಾನ್ಫಿಗರ್ ಮಾಡಿದರೆ ಎರಡಕ್ಕೂ ಆಯ್ತು. ನಿಮ್ಮ ಎರಡು ಬೋರ್ಡಿನ ಸಾಕೆಟ್‌ಗಳಿಗೆ ತಂತಿ ಬೇರೆ ಬೇರೆ ಕ್ರಮದಲ್ಲಿ ಹೋಗಿದೆ ಅನ್ನಿಸುತ್ತೆ. ಕೀಬೋರ್ಡ್ ಹಾಕಿ ಎಫ್4 ಒತ್ತಿ ಟರ್ಮಿನಲ್‌ಗೆ ಬನ್ನಿ. ಯಾವ ಬಟನ್ ಒತ್ತಿದೆ ಅಂತ ತೋರಿಸೋ ಜೆಎಸ್‌ಟೆಸ್ಟ್ ಓಡಿಸಿ, ಮೊದಲು ಜೆಎಸ್0 (ಒಂದು ಬೋರ್ಡ್) ಮೇಲೆ, ಆಮೇಲೆ ಜೆಎಸ್1 (ಇನ್ನೊಂದು ಬೋರ್ಡ್) ಮೇಲೆ. ಎರಡೂ ಕಡೆ ಒಂದೇ ಜಾಗದ ಬಟನ್ ಒತ್ತಿದಾಗ ಒಂದೇ ನಂಬರ್ ಆನ್ ಆಗಬೇಕು. ಆಗದಿದ್ದರೆ ತಪ್ಪು ಅಲ್ಲೇ ಇದೆ.

ಎಂಟುಬಿಟ್ಟು:
ಅದಕ್ಕೆ ತಂತಿ ಯಾಕೆ ಕೀಳಬೇಕು? ಆಟದ ಮಧ್ಯೆ ಸೆಲೆಕ್ಟ್ ಹಿಡಿದು ಎಕ್ಸ್ ಒತ್ತಿದರೆ ರೆಟ್ರೊಆರ್ಚ್ ಮೆನು ಬರುತ್ತೆ. ಅಲ್ಲಿ ಕಂಟ್ರೋಲ್ಸ್‌ಗೆ ಹೋಗಿ ಪೋರ್ಟ್ 2 (ಎರಡನೇ ಪ್ಲೇಯರ್) ಮಾತ್ರ ಬದಲಾಯಿಸಿ, ಕೋರ್ ರೀಮ್ಯಾಪ್ (ಆ ಆಟ ಓಡಿಸೋ ಪ್ರೋಗ್ರಾಮಿಗೆ ಹೊಸ ಬಟನ್ ಕ್ರಮ) ಸೇವ್ ಮಾಡಿದರೆ ಮುಗೀತು.

ಬೆಸುಗೆಕಡ್ಡಿ:
ಆಗುತ್ತೆ, ಆದರೆ ಅದು ಆ ಒಂದು ಕೋರ್‌ಗೆ ಮಾತ್ರ. ಎಫ್‌ಬಿನಿಯೊ ಕೋರ್‌ಗೆ ಮಾಡಿದ್ದನ್ನ ಮೇಮ್ ಕೋರ್‌ಗೆ ಇನ್ನೊಮ್ಮೆ, ಎಸ್‌ಎನ್‌ಇಎಸ್‌ಗೆ (ನಿಂಟೆಂಡೊದ ಹಳೇ ಗೇಮ್ ಯಂತ್ರ) ಮತ್ತೊಮ್ಮೆ ಮಾಡಬೇಕು. ಇಷ್ಟಾದ ಮೇಲೂ ಎಮ್ಯುಲೇಶನ್‌ಸ್ಟೇಶನ್ ಮೆನುನಲ್ಲಿ ಎರಡನೇ ಕಡೆ ತಪ್ಪಾಗೇ ಇರುತ್ತೆ. ಇವರದ್ದು ಬೆಸುಗೆ ಹಾಕಿದ್ದಲ್ಲ, ಕಿತ್ತು ಚುಚ್ಚೋ ಪ್ಲಗ್. ಅರ್ಧ ಗಂಟೆ ಕೂತರೆ ಶಾಶ್ವತವಾಗಿ ಮುಗಿಯುತ್ತೆ.

ಕೈ ಹಾಕಿದ ಮೇಲೆ ಕ್ರಮ ಹೀಗೇ ಇಡಿ: ಮೇಲಿನ ಸಾಲು ಎಡದಿಂದ ವೈ, ಎಕ್ಸ್, ಎಲ್. ಕೆಳಗಿನ ಸಾಲು ಬಿ, ಎ, ಆರ್. ರೆಟ್ರೊಆರ್ಚ್ ಎಲ್ಲವನ್ನೂ ಎಸ್‌ಎನ್‌ಇಎಸ್ ಪ್ಯಾಡ್ ಲೆಕ್ಕದಲ್ಲೇ ನೋಡುತ್ತೆ. ಸ್ಟ್ರೀಟ್ ಫೈಟರ್ 2ರಂಥ ಆರು ಬಟನ್ ಆಟದಲ್ಲಿ ಆಗ ಮೂರು ಪಂಚ್ ಮೇಲೆ, ಮೂರು ಕಿಕ್ ಕೆಳಗೆ ತಾನಾಗೇ ಕೂರುತ್ತೆ.

ಹಳೇಗೇಮು:
ನೀವು ಹೇಳಿದ್ದೇ ನಿಜ. ಎರಡನೇ ಕಡೆ ತಂತಿ ಎಳೆದಿದ್ದು ನನ್ನ ತಮ್ಮ. ಒಳಗಡೆ ಅಂದವಾಗಿ ಕಾಣಲಿ ಅಂತ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು ಹಾಕಿದ್ದಾನೆ! ಎಲ್ಲಾ ಕಿತ್ತು ಮೊದಲನೇ ಬೋರ್ಡ್ ನೋಡಿಕೊಂಡೇ ಹಾಕಿದ್ವಿ, ಬಟನ್ ಎಲ್ಲಾ ಸರಿಯಾಯ್ತು.

ಆದರೆ ಎರಡನೇ ಸ್ಟಿಕ್ ಇನ್ನೂ ಸತಾಯಿಸ್ತಿದೆ. ಮೇಲಕ್ಕೆ ತಳ್ಳಿದರೆ ಕೆಳಕ್ಕೆ ಹೋಗುತ್ತೆ. ಇನ್ನೊಂದು, ಒಮ್ಮೊಮ್ಮೆ ಆಡ್ತಾ ಆಡ್ತಾ ಅದೇ ಸ್ಟಿಕ್ ಪೂರ್ತಿ ಸತ್ತುಹೋಗುತ್ತೆ. ಬಟನ್ ನಡೀತಿರುತ್ತೆ, ಸ್ಟಿಕ್ ಮಾತ್ರ ಇಲ್ಲ. ಪೈ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಬರುತ್ತೆ.

ಬೆಸುಗೆಕಡ್ಡಿ:
ಮೊದಲನೇದು ಸುಲಭ. ಸ್ಟಿಕ್ಕನ್ನ ಮೇಲಕ್ಕೆ ತಳ್ಳಿದಾಗ ಹಲಗೆಯಡಿ ಅದರ ಬುಡ ಉಲ್ಟಾ ದಿಕ್ಕಿಗೆ ವಾಲುತ್ತೆ. ಟಿಕ್ ಅನ್ನೋದು ಕೆಳಗಡೆಯ ಮೈಕ್ರೊಸ್ವಿಚ್. ಅಂದರೆ 'ಅಪ್' ತಂತಿ ಹೋಗಬೇಕಾದ್ದು ಕೆಳಗಿನ ಸ್ವಿಚ್ಚಿಗೆ. ಮೇಲಿದೆಯಲ್ಲ ಅಂತ ಮೇಲಿನ ಸ್ವಿಚ್ಚಿಗೇ ಹಾಕಿರ್ತಾರೆ. ಕಿವಿ ಹತ್ತಿರ ಇಟ್ಟು ನಿಧಾನ ತಳ್ಳಿ, ಯಾವುದು ಸದ್ದು ಮಾಡುತ್ತೆ ಅಂತ ಗೊತ್ತಾಗುತ್ತೆ. ಎಡ-ಬಲಕ್ಕೂ ಇದೇ ಲೆಕ್ಕ.

ಎರಡನೇದು ಮಜವಾಗಿದೆ. ಆ ಬೋರ್ಡಿನಲ್ಲಿ ಮಾಮೂಲಿ ಬಟನ್ ಸಾಕೆಟ್‌ಗಳ ಪಕ್ಕದಲ್ಲೇ ಅದೇ ಅಳತೆಯ ಮೋಡ್, ಟರ್ಬೊ, ಆಟೋ ಸಾಕೆಟ್‌ಗಳೂ ಇರ್ತವೆ. ಎರಡನೇ ಕಡೆಯ ಯಾವುದೋ ಒಂದು ಬಟನ್, ನನ್ನ ಅನುಮಾನ ಸೆಲೆಕ್ಟ್ ಮೇಲೆ, ಮೋಡ್‌ಗೆ ಹೋಗಿದೆ. ಅದನ್ನ ಒತ್ತಿದಾಗ ಸ್ಟಿಕ್ಕಿನ ಸಿಗ್ನಲ್ ಅನಲಾಗ್‌ನಿಂದ ಡಿ-ಪ್ಯಾಡ್‌ಗೋ (ಪ್ಯಾಡಿನ ನಾಲ್ಕು ದಿಕ್ಕಿನ ಬಟನ್), ಡಿ-ಪ್ಯಾಡ್‌ನಿಂದ ಅನಲಾಗ್‌ಗೋ ಬದಲಾಗುತ್ತೆ. ಕಾನ್ಫಿಗರ್ ಆಗಿರೋದು ಒಂದಕ್ಕೆ, ಬರ್ತಿರೋದು ಇನ್ನೊಂದು. ಜೆಎಸ್‌ಟೆಸ್ಟ್‌ನಲ್ಲಿ ಸ್ಟಿಕ್ ಅಲ್ಲಾಡಿಸ್ತಾ ಆ ಬಟನ್ ಒತ್ತಿ ನೋಡಿ, ಒಂದು ಆಕ್ಸಿಸ್ ನಿಂತು ಇನ್ನೊಂದು ಶುರುವಾಗುತ್ತೆ.



ಹಳೇಗೇಮು:
ಸೆಲೆಕ್ಟ್ ತಂತಿ ಮೋಡ್‌ನಲ್ಲೇ ಇತ್ತು ಗುರುಗಳೇ! ಹೇಗೆ ಕಂಡುಹಿಡಿದ್ರಿ? ಸ್ಟಿಕ್ ಕೂಡ ಸರಿಹೋಯ್ತು.

ಇನ್ನು ಎರಡೇ ಸಂದೇಹ. ಪ್ಲೇಯರ್ 1, 2 ಅದಲು ಬದಲಾಗಿದೆ, ಎಡಗಡೆ ನಿಂತವರು ಎರಡನೇ ಪ್ಲೇಯರ್ ಆಗ್ತಿದ್ದಾರೆ. ಆಮೇಲೆ, ಮಕ್ಕಳು ಕಾಯಿನ್ ಹಾಕಿ ಆಟ ಶುರು ಮಾಡೋಕೆ ಹೋದರೆ ಒಮ್ಮೊಮ್ಮೆ ಆಟವೇ ಬಂದ್ ಆಗಿ ಮೆನುಗೆ ವಾಪಸ್ ಬರುತ್ತೆ.

ಎಂಟುಬಿಟ್ಟು:
ಯಾವಾಗಲೂ ಅದಲು ಬದಲಾಗೇ ಬರ್ತಿದ್ದರೆ ಪೈನಲ್ಲಿ ಎರಡು ಯುಎಸ್‌ಬಿ ಪ್ಲಗ್ ಪರಸ್ಪರ ಬದಲಾಯಿಸಿ ಸಾಕು. ಆಮೇಲೆ ಅದೇ ಪೋರ್ಟಿನಲ್ಲೇ ಇರಲಿ. ಪ್ಲಗ್ ತಲೆಗೆ ಟೇಪ್ ಸುತ್ತಿ 1, 2 ಅಂತ ಬರೆದುಬಿಡಿ.

ಬೆಸುಗೆಕಡ್ಡಿ:
ಆಟ ಬಂದ್ ಆಗೋದು ಹಾಟ್‌ಕೀ (ಹಿಡಿದುಕೊಂಡು ಇನ್ನೊಂದನ್ನ ಒತ್ತಿದರೆ ವಿಶೇಷ ಕೆಲಸ ಮಾಡಿಸೋ ಬಟನ್) ಕೆಲಸ. ರೆಟ್ರೊಪೈನಲ್ಲಿ ಸೆಲೆಕ್ಟ್ ಹಿಡಿದು ಸ್ಟಾರ್ಟ್ ಒತ್ತಿದರೆ ಆಟದಿಂದ ಆಚೆ. ಆರ್ಕೇಡ್ ಆಟಕ್ಕೆ ಸೆಲೆಕ್ಟೇ ಕಾಯಿನ್. ಮಕ್ಕಳು ಅವಸರದಲ್ಲಿ ಕಾಯಿನ್ ಬಿಡೋ ಮೊದಲೇ ಸ್ಟಾರ್ಟ್ ಅದುಮ್ತಾರೆ, ಅಷ್ಟೇ. ಪ್ಯಾಡಿನಲ್ಲಿ ಈ ಜೋಡಿ ಸರಿ, ಪೆಟ್ಟಿಗೆಯಲ್ಲಿ ಬೇಡ.

ಮೊದಲನೇ ಬೋರ್ಡಿನ ಒಂದು ಖಾಲಿ ಸಾಕೆಟ್‌ಗೆ ಇನ್ನೊಂದು ಚಿಕ್ಕ ಬಟನ್ ಹಾಕಿ. ಅದನ್ನ ಮುಂದುಗಡೆ ಇಡಬೇಡಿ, ಪೆಟ್ಟಿಗೆಯ ಬದಿಯಲ್ಲೋ ಕೆಳಗಡೆಯೋ ಕೊರೆದು ಕೂರಿಸಿ. ಈಗ ಎಮ್ಯುಲೇಶನ್‌ಸ್ಟೇಶನ್‌ನಲ್ಲಿ ಮೊದಲನೇ ಕಡೆಯಿಂದ ಇನ್ನೊಮ್ಮೆ ಕಾನ್ಫಿಗರ್ ಮಾಡಿ. ನಿಮ್ಮಲ್ಲಿ ಇಲ್ಲದ ಬಟನ್‌ಗಳು ಬಂದಾಗ ಯಾವುದಾದರೂ ಬಟನ್ ಒತ್ತಿ ಹಿಡಿದರೆ ಅದು ದಾಟಿ ಮುಂದೆ ಹೋಗುತ್ತೆ. ಕೊನೆಗೆ ಹಾಟ್‌ಕೀ ಎನೇಬಲ್ ಕೇಳುತ್ತಲ್ಲ, ಅಲ್ಲಿ ಮಾತ್ರ ದಾಟಿಸಬೇಡಿ, ಹೊಸ ಬಟನ್ ಒತ್ತಿ. ದಾಟಿಸಿದರೆ ಸೆಲೆಕ್ಟನ್ನೇ ಹಾಟ್‌ಕೀ ಮಾಡಲಾ ಅಂತ ಕೇಳಿ ಮತ್ತೆ ಅಲ್ಲಿಗೇ ತರುತ್ತೆ.

ಎರಡನೇ ಬೋರ್ಡಿನಲ್ಲಿ ಆ ನಂಬರಿನ ಸಾಕೆಟ್ ಖಾಲಿ ಬಿಡಿ. ಕಾನ್ಫಿಗ್ ಇಬ್ಬರಿಗೂ ಒಂದೇ ಅಲ್ವಾ, ಅಲ್ಲಿ ಏನಾದರೂ ಚುಚ್ಚಿದರೆ ಅದೂ ಹಾಟ್‌ಕೀ ಆಗುತ್ತೆ. ತಮ್ಮನಿಗೂ ಒಂದು ಮಾತು ಹೇಳಿಡಿ.