ಲಾರಿ ಮೀಟರ್ ಬೋರ್ಡಿಗೆ ಎಲ್‌ಇಡಿ: ಯಾವ ಬಲ್ಬು ಬದಲಿಸಬಹುದು, ಯಾವುದು ಬೇಡ?

ಹತ್ತುಚಕ್ರ:
24 ವೋಲ್ಟ್ ಲಾರಿ. ಮೀಟರ್ ಬೋರ್ಡಿನ ಬೆಳಕು ತೀರಾ ಮಂಕಾಗಿದೆ, ರಾತ್ರಿ ಗಾಳಿ ಒತ್ತಡದ ಮುಳ್ಳು ಕಾಣುವುದೇ ಇಲ್ಲ. ಒಳಗೆ ಟಿ10 (ಬುಡ ಚಪ್ಪಟೆಯಾದ ಚಿಕ್ಕ ಗಾಜಿನ ಬಲ್ಬು) ಐದು, ಅದಕ್ಕಿಂತ ಸಣ್ಣ ಟಿ5 ಏಳೆಂಟು ಇವೆ. ಎಲ್ಲವನ್ನೂ ಒಂದೇ ಸಲ ಎಲ್‌ಇಡಿ ಮಾಡಿಬಿಡಬಹುದೇ? ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಗುಣಿ ಆಮೇಲೂ ಕೆಲಸ ಮಾಡುತ್ತದೆಯೇ?

ಫ್ಯೂಸ್‌ಬಾಕ್ಸ್:
ಎಲ್ಲವನ್ನೂ ಬೇಡ. ಬ್ಯಾಟರಿ ಚಿತ್ರವಿರುವ ಚಾರ್ಜಿಂಗ್ ಬಲ್ಬನ್ನು ಮುಟ್ಟಬೇಡಿ. ಹಲವು ಗಾಡಿಗಳಲ್ಲಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟ್ ಹೋಗುವುದು ಆ ಬಲ್ಬಿನ ಮೂಲಕವೇ. 24 ವೋಲ್ಟಿನ 3 ವ್ಯಾಟ್ ಬಲ್ಬು ಸುಮಾರು 125 ಮಿಲಿಆಂಪ್ ಬಿಡುತ್ತದೆ. ಎಲ್‌ಇಡಿ ಬಿಡುವುದು ಹತ್ತಿಪ್ಪತ್ತು. ಸ್ಟಾರ್ಟ್ ಮಾಡಿದರೂ ಚಾರ್ಜ್ ಆಗುವುದಿಲ್ಲ, ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮಾತ್ರ ಶುರುವಾಗುತ್ತದೆ. ಸುಮ್ಮನೆ ಆಲ್ಟರ್ನೇಟರ್ ಬಿಚ್ಚಿಸುವ ಪರಿಸ್ಥಿತಿ ಬರುತ್ತದೆ. ಅಲ್ಲಿಯೂ ಎಲ್‌ಇಡಿಯೇ ಬೇಕೆಂದಿದ್ದರೆ ಅದಕ್ಕೆ ಸಮಾಂತರವಾಗಿ 220 ಓಮ್, 5 ವ್ಯಾಟ್ ರೆಸಿಸ್ಟರ್ ಹಾಕಿ. ಅದು ಬಿಸಿಯಾಗುತ್ತದೆ, ಪ್ಲಾಸ್ಟಿಕ್ಕಿಗೆ ತಾಗದಂತೆ ಇಡಿ.

ಕೊಳ್ಳುವಾಗ 24 ವೋಲ್ಟ್ ಎಂದು ನೋಡಿಯೇ ಕೊಳ್ಳಿ. ಎಂಜಿನ್ ಓಡುವಾಗ 28 ವೋಲ್ಟ್ ದಾಟುತ್ತದೆ. 12 ವೋಲ್ಟಿನ ಎಲ್‌ಇಡಿ ಹಾಕಿದರೆ ಬೇಗ ಸುಡುತ್ತದೆ.

ವೈರ್‌ಗಂಟು:
ತಿರುಗುಣಿ ವಿಷಯ. ಹಳೆಯದು ರಿಯೋಸ್ಟಾಟ್ (ತಿರುಗಿಸಿದಂತೆ ಓಮ್ ಬದಲಾಗುವ ರೆಸಿಸ್ಟರ್) ಆಗಿದ್ದರೆ ಎಲ್‌ಇಡಿಗೆ ಬಗ್ಗುವುದಿಲ್ಲ. 1.2 ವ್ಯಾಟಿನ ಐದು ಬಲ್ಬು ಸೇರಿ 250 ಮಿಲಿಆಂಪ್ ಎಳೆಯುವುದರಿಂದಲೇ ಅದರಲ್ಲಿ ವೋಲ್ಟೇಜ್ ಇಳಿಯುತ್ತಿತ್ತು. ಎಲ್‌ಇಡಿ ಹಾಕಿದರೆ 50 ಮಿಲಿಆಂಪ್ ಅಷ್ಟೆ, ಎಷ್ಟು ತಿರುಗಿಸಿದರೂ ಬೆಳಕು ಹಾಗೇ ಇರುತ್ತದೆ. ಸುಲಭದ ದಾರಿ: ಅದೇ ಸರ್ಕ್ಯೂಟಿನಲ್ಲಿ ಒಂದೆರಡು ಹಳೇ ಬಲ್ಬು ಉಳಿಸಿಕೊಳ್ಳಿ, ಕಣ್ಣಿಗೆ ಬೀಳದ ಮೂಲೆಯಲ್ಲಿ. ಎಲ್‌ಇಡಿಯಲ್ಲೂ ಒಳಗೆ ಬರೀ ರೆಸಿಸ್ಟರ್ ಇರುವುದನ್ನೇ ಆರಿಸಿ. ಡ್ರೈವರ್ (ಕರೆಂಟನ್ನು ಒಂದೇ ಸಮ ಇಡುವ ಸರ್ಕ್ಯೂಟ್) ಇರುವಂಥದ್ದು ಮಂದವಾಗದೆ ಕೊನೆಗೆ ಫಕ್ಕನೆ ಆರುತ್ತದೆ.

ಬಣ್ಣದಲ್ಲಿ ಎಡವುವವರೇ ಜಾಸ್ತಿ. ಹೋಲ್ಡರಿನ ಮೇಲೋ ಡಯಲಿನ ಹಿಂದೆಯೋ ಹಸಿರು ಫಿಲ್ಟರ್ ಇದ್ದರೆ ಅದರ ಹಿಂದೆ ಕೆಂಪು ಎಲ್‌ಇಡಿ ಇಟ್ಟರೆ ಬಹುತೇಕ ಕತ್ತಲೆ. ಫಿಲ್ಟರಿನ ಬಣ್ಣದ್ದೇ ಎಲ್‌ಇಡಿ ಹಾಕಿ, ಇಲ್ಲವೇ ಫಿಲ್ಟರ್ ತೆಗೆದು ಬಿಳಿ ಹಾಕಿ. ತುದಿಯಲ್ಲಿ ಮಾತ್ರ ಬೆಳಕು ಕೊಡುವ ಚಿಪ್ ಇರುವ ಎಲ್‌ಇಡಿ ಡಯಲಿನ ಮಧ್ಯೆ ಒಂದು ಬೆಳ್ಳನೆ ಚುಕ್ಕೆ ಮೂಡಿಸುತ್ತದೆ, ಅಂಚಿನ ಅಂಕಿಗಳು ಕಪ್ಪಾಗಿಯೇ ಉಳಿಯುತ್ತವೆ. ಸುತ್ತಲೂ ಚಿಪ್ ಇರುವುದೇ ಬೇಕು.

ಫ್ಯೂಸ್‌ಬಾಕ್ಸ್:
ಬಿಚ್ಚುವಾಗ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಸ್ಪೀಡೋಮೀಟರಿಗೆ ಕೇಬಲ್ ಇದ್ದರೆ ಅದನ್ನು ಬಿಡಿಸಿಕೊಂಡ ಮೇಲೆಯೇ ಬೋರ್ಡನ್ನು ಮುಂದಕ್ಕೆ ಎಳೆಯಿರಿ. ಹೋಲ್ಡರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ, ಸ್ಕ್ರೂಡ್ರೈವರಿನಿಂದ ಮೀಟಬೇಡಿ: ಹಿಂದಿರುವ ತೆಳು ಪ್ಲಾಸ್ಟಿಕ್ ಸರ್ಕ್ಯೂಟಿನ ತಾಮ್ರದ ಗೆರೆ ಕಿತ್ತು ಬಂದರೆ ಬೆಸುಗೆ ಹಾಕುವುದು ಕಷ್ಟ, ಪ್ಲಾಸ್ಟಿಕ್ಕೇ ಕರಗುತ್ತದೆ.

ಎಲ್‌ಇಡಿಗೆ ಪ್ಲಸ್ ಮೈನಸ್ ಉಂಟು. ಬೋರ್ಡ್ ಮುಚ್ಚುವ ಮುಂಚೆ ಬ್ಯಾಟರಿ ಜೋಡಿಸಿ ಪಾರ್ಕಿಂಗ್ ಲೈಟ್, ಇಂಡಿಕೇಟರ್, ಹೈಬೀಮ್ ಎಲ್ಲ ಹಾಕಿ ನೋಡಿ. ಹತ್ತದೇ ಇರುವುದನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ. ಬಲ್ಬು ಸಡಿಲ ಅನ್ನಿಸಿದರೆ ಬುಡದ ತಂತಿಗಳನ್ನು ಕೊಂಚ ಹೊರಕ್ಕೆ ಬಾಗಿಸಿ, ಇಲ್ಲದಿದ್ದರೆ ಗುಂಡಿಯಲ್ಲಿ ಇಳಿದಾಗಲೆಲ್ಲ ಮಿಣುಕುತ್ತದೆ.

ಎಡಬಲ ಎರಡಕ್ಕೂ ಒಂದೇ ಇಂಡಿಕೇಟರ್ ಬಲ್ಬು ಇದೆಯೇ ನೋಡಿ. ಅಲ್ಲಿ ಕರೆಂಟ್ ಎರಡೂ ದಿಕ್ಕಿನಲ್ಲಿ ಹರಿಯುತ್ತದೆ. ಸಾಮಾನ್ಯ ಎಲ್‌ಇಡಿ ಒಂದು ಕಡೆಗೆ ಮಾತ್ರ ಮಿನುಗುತ್ತದೆ. ಹೇಗೆ ಹಾಕಿದರೂ ಉರಿಯುವ, ಪೊಲಾರಿಟಿ ಇಲ್ಲದ್ದೇ ತನ್ನಿ, ಅಥವಾ ಹಳೇ ಬಲ್ಬನ್ನೇ ಬಿಡಿ.

ಹತ್ತುಚಕ್ರ:
ಚಾರ್ಜಿಂಗ್ ಬಲ್ಬು ಬಿಟ್ಟು ಉಳಿದದ್ದು ಹಾಕಿಯಾಯಿತು, ತಿರುಗುಣಿಗಾಗಿ ಎರಡು ಹಳೆಯದನ್ನು ಉಳಿಸಿದ್ದೇನೆ. ಒಂದು ವಾರ್ನಿಂಗ್ ಲೈಟ್ ಮಾತ್ರ ಆರಬೇಕಾದಾಗಲೂ ಮಸುಕಾಗಿ ಹೊಳೆಯುತ್ತಿದೆ.

ವೈರ್‌ಗಂಟು:
ಸೆನ್ಸರ್ ಅಥವಾ ಕಂಟ್ರೋಲ್ ಯೂನಿಟ್ ಕಡೆಯಿಂದ ಒಂದೆರಡು ಮಿಲಿಆಂಪ್ ಸೋರುತ್ತಿದೆ. ಹಳೇ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಹೋಲ್ಡರಿನ ಎರಡು ಕಾಲಿನ ನಡುವೆ 2.2 ಕಿಲೋಓಮ್, 1 ವ್ಯಾಟ್ ರೆಸಿಸ್ಟರ್ ಬೆಸೆಯಿರಿ. ಆಮೇಲೂ ಹೊಳೆದರೆ ಆ ವೈರಿನ ಇನ್ಸುಲೇಶನ್ ಎಲ್ಲಾದರೂ ಸವೆದು ಲಾರಿಯ ಲೋಹದ ಮೈಗೆ ತಾಗುತ್ತಿದೆಯೇ ಹುಡುಕಿ.