ರಿಯಾದ್‌ಗೆ 10 ದಿನದ ಕೆಲಸ: ಪುಣೆಯಿಂದ ಹೊರಡೋ ಮುಂಚೆ ಏನೇನು ನೋಡ್ಕೋಬೇಕು?

ಭೋಸರಿ_ಪಂಪ್:
ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರದ ಭೋಸರಿ ಎಂಐಡಿಸಿಯ (ಸರ್ಕಾರಿ ಕೈಗಾರಿಕಾ ಪ್ರದೇಶ) ಕಾರ್ಖಾನೆಯಿಂದ ಇಬ್ಬರು ರಿಯಾದ್‌ಗೆ ಹೊರಟಿದ್ದೇವೆ, ಒಬ್ಬರು ಮಹಿಳಾ ಇಂಜಿನಿಯರ್. ಗಿರಾಕಿಗಳ ಭೇಟಿ, ಜೊತೆಗೆ ಒಂದು ಸ್ಯಾಂಪಲ್ ಪಂಪಿನ (3.7 ಕಿಲೋವ್ಯಾಟ್, 4 ಪೋಲ್ ಮೋಟಾರು) ಡೆಮೊ. ನೆಟ್‌ನಲ್ಲಿ ಒಬ್ಬರು "ನಮಾಜಿನ ಹೊತ್ತಿಗೆ ಊರೇ ಮುಚ್ಚುತ್ತೆ" ಅಂತಾರೆ, ಇನ್ನೊಬ್ಬರು "ಎಲ್ಲ ಬದಲಾಗಿದೆ, ದುಬೈ ಥರಾನೇ" ಅಂತಾರೆ. ಯಾವುದನ್ನು ನಂಬೋದು? ಭೇಟಿಗೆ ಯಾವ ಹೊತ್ತು ಕೇಳಬೇಕು? ಇಬ್ಬರೂ ಸಸ್ಯಾಹಾರಿಗಳು. ಗಿರಾಕಿಗೆ ಪುಣೆಯ ಬಾಕರವಡಿ ಒಯ್ಯಬಹುದಾ?

ಮಾಟುಂಗಾ_ಭಟ್ರು:
ಎರಡೂ ಅರ್ಧರ್ಧ ಸತ್ಯ ಸರ್. ಕಾನೂನು ಬೇಗ ಬದಲಾಯ್ತು, ರೂಢಿ ನಿಧಾನಕ್ಕೆ ಬರ್ತಿದೆ. 2018ರ ಜೂನ್‌ನಿಂದ ಹೆಂಗಸರು ಕಾರು ಓಡಿಸ್ತಾರೆ. ಹೋಟೆಲಿಗೆ ಗಂಡಸರಿಗೊಂದು, ಕುಟುಂಬಕ್ಕೊಂದು ಬಾಗಿಲು ಇರಲೇಬೇಕು ಅನ್ನೋ ನಿಯಮ 2019ರ ಡಿಸೆಂಬರ್‌ನಲ್ಲಿ ಹೋಯ್ತು. 2021ರಿಂದ ನಮಾಜಿನ ಹೊತ್ತಲ್ಲೂ ಅಂಗಡಿ ತೆರೆದಿಡಬಹುದು. ಇಡಬಹುದು ಅಷ್ಟೇ, ಇಡಲೇಬೇಕು ಅಂತಿಲ್ಲ. ಮಾಲ್ ತೆರೆದಿರುತ್ತೆ, ಹಾರ್ಡ್‌ವೇರ್ ಅಂಗಡಿಯವನು ಅರ್ಧ ಶಟರ್ ಎಳೆದು ಹೋಗಿರಬಹುದು.

ಆಫೀಸಲ್ಲೂ ಮಾತಿನ ಮಧ್ಯೆ ಎದ್ದು ಹೋಗ್ತಾರೆ, 20–30 ನಿಮಿಷಕ್ಕೆ ವಾಪಸ್ ಬರ್ತಾರೆ. ಬೇಜಾರಾಗಿ ಎದ್ದರು ಅಂತ ತಿಳೀಬೇಡಿ. ಜುಹರ್ ನಮಾಜು ರಿಯಾದ್‌ನಲ್ಲಿ ವರ್ಷವಿಡೀ ಹನ್ನೆರಡರ ಆಸುಪಾಸು, ಅಸರ್ ಮೂರರ ಆಸುಪಾಸು. 11:30ಕ್ಕೆ ಭೇಟಿ ಇಟ್ಟರೆ ರೇಟಿನ ಮಾತು ಶುರುವಾಗೋ ಹೊತ್ತಿಗೆ ಅಜಾನ್ ಆಗುತ್ತೆ. 9:30 ಕೇಳಿ, ಇಲ್ಲಾಂದ್ರೆ 1 ಗಂಟೆ. ದಿನಕ್ಕೆ ಎರಡು ಭೇಟಿ ಸಾಕು, ಮೂರನೆಯದು ಟ್ರಾಫಿಕ್ಕಿಗೆ ಬಲಿ. 2024ರ ಡಿಸೆಂಬರ್‌ನಲ್ಲಿ ಶುರುವಾದ ಮೆಟ್ರೋ ಇದೆ, 4 ರಿಯಾಲ್ ಟಿಕೆಟ್‌ನಲ್ಲಿ 2 ಗಂಟೆ ಓಡಾಡಬಹುದು. ಆದರೆ ಸ್ಟೇಷನ್‌ನಿಂದ ಆಫೀಸಿಗೆ ಬೇಸಿಗೆಯ 45 ಡಿಗ್ರಿಯಲ್ಲಿ ಕಾಲು ಕಿಲೋಮೀಟರ್ ನಡೆಯೋದೂ ಕಷ್ಟ. ಟ್ಯಾಕ್ಸಿಗೂ ದುಡ್ಡು ಎತ್ತಿಡಿ.

ಭೋಸರಿಯವರು ಮರೆಯೋದು ಇನ್ನೊಂದಿದೆ. ಅಲ್ಲಿ 2013ರಿಂದ ಶುಕ್ರವಾರ-ಶನಿವಾರ ರಜೆ, ಭಾನುವಾರ ಪೂರ್ತಿ ಕೆಲಸ. ನಿಮ್ಮಲ್ಲಿ ಗುರುವಾರ ರಜೆ. ಅಂದರೆ ಎರಡೂ ಕಡೆ ಜನ ಸಿಗೋದು ಭಾನುವಾರದಿಂದ ಬುಧವಾರದವರೆಗೆ ಮಾತ್ರ. ಡ್ರಾಯಿಂಗ್ ಬುಧವಾರ ಸಂಜೆಯೊಳಗೆ ತರಿಸ್ಕೊಳ್ಳದಿದ್ದರೆ ಮುಂದಿನ ಭಾನುವಾರವೇ ಗತಿ. ರಿಯಾದ್ ಎರಡೂವರೆ ಗಂಟೆ ಹಿಂದೆ, ಅಲ್ಲಿ ಮಧ್ಯಾಹ್ನ 3 ಅಂದರೆ ಪುಣೆಯಲ್ಲಿ 5:30. ಶುಕ್ರವಾರ ಬೆಳಿಗ್ಗೆ ಊರು ಮಲಗಿರುತ್ತೆ, ಸಂಜೆ ನಾಲ್ಕರ ಮೇಲೆ ಜೀವ ಬರುತ್ತೆ.

ಡೊಂಬಿವಲಿ_ಪಾಟೀಲ:
ಭಟ್ರು ಹೇಳಿದ್ದೆಲ್ಲ ಖರೇ, ಆದ್ರ ಮೊದಲ ನಿಮ್ಮ ಪಂಪ್ ನೋಡ್ರಿ. ಸೌದಿಯೊಳಗ ಕರೆಂಟ್ 60 ಹರ್ಟ್ಸ್, ನಮ್ಮಲ್ಲಿ 50. ನಿಮ್ಮ 4 ಪೋಲ್ ಮೋಟಾರು ಇಲ್ಲಿ 1440 ಆರ್‌ಪಿಎಂ ತಿರಗತೈತಿ, ಅಲ್ಲಿ 1730ರ ಹತ್ರ ಹೋಗತೈತಿ. ಸೆಂಟ್ರಿಫ್ಯೂಗಲ್ ಪಂಪಿಗೆ ನೀರು 1.2 ಪಟ್ಟು, ಹೆಡ್ (ನೀರು ಏರೋ ಎತ್ತರ) 1.44 ಪಟ್ಟು, ಲೋಡ್ ಮಾತ್ರ 1.73 ಪಟ್ಟು. 3.7 ಕಿಲೋವ್ಯಾಟ್ ಎಳೀತಿದ್ದದ್ದು 6.4 ಕೇಳತೈತಿ. ಗಿರಾಕಿ ಮುಂದ ಸ್ವಿಚ್ ಹಾಕ್ತೀರಿ, ಸ್ವಲ್ಪ ಹೊತ್ತಿಗೆ ಓವರ್‌ಲೋಡ್ ರಿಲೇ ಟ್ರಿಪ್! ರಿಲೇ ಸೆಟ್ಟಿಂಗ್ ಏರಿಸಿ ಓಡಿಸಿದ್ರ ವೈಂಡಿಂಗ್ ಸುಡತೈತಿ, ಆ ಕೆಲಸ ಮಾಡಬ್ಯಾಡ್ರಿ.

ಡೆಮೊಕ್ಕ ವಿಎಫ್‌ಡಿ (ಕರೆಂಟಿನ ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಹಿಡಿಯೋ ಡ್ರೈವ್) ಹಚ್ಚಿ 50 ಹರ್ಟ್ಸ್‌ಗೆ ಲಾಕ್ ಮಾಡಿ ತೋರಸ್ರಿ. ಮಾರೂ ಪಂಪಿಗೆ 60 ಹರ್ಟ್ಸ್ ಮೋಟಾರೇ ಬೇಕು. ಅದೇ ಹೆಡ್ ಇರಬೇಕಂದ್ರ ಇಂಪೆಲ್ಲರ್ (ಪಂಪಿನೊಳಗ ತಿರಗೋ ಚಕ್ರ) ವ್ಯಾಸ ಸುಮಾರು 17 ಟಕ್ಕೆ (ಶೇಕಡಾ) ಕಡಿಮಿ ಬರತೈತಿ. ಇದು ಅಂದಾಜು, 60 ಹರ್ಟ್ಸ್ ಕರ್ವ್ ನೋಡದ ಲೇಥಿಗೆ ಏರಿಸಬ್ಯಾಡ್ರಿ. ನೇಮ್‌ಪ್ಲೇಟ್ ಮ್ಯಾಲೂ 60 ಅಂತ ಇರಬೇಕು.

ಮುಂದ ಮಾಲು ಕಳಸೂದಾದ್ರ 'ಸಾಬೆರ್' ಅನ್ನೋ ಅವರ ಆನ್‌ಲೈನ್ ವ್ಯವಸ್ಥೆಯೊಳಗ ಪ್ರಮಾಣಪತ್ರ ಆಗಬೇಕು, ಅದನ್ನ ಅಲ್ಲಿಯ ಆಮದುದಾರನ ಮಾಡಬೇಕು. ಯಾರು ಮಾಡಸ್ತಾರ, ಖರ್ಚು ಯಾರದು ಅನ್ನೋದು ಮೊದಲನೇ ಭೇಟಿಯೊಳಗ ಕೇಳ್ರಿ. ಅಲ್ಲಿ ವ್ಯಾಟ್ 15 ಟಕ್ಕೆ. ಕೊಟೇಶನ್‌ದಾಗ ಅದು ಸೇರೇತೋ ಇಲ್ಲೋ ಬರೀದಿದ್ರ ಆಮ್ಯಾಲ ಜಗಳ. ಲ್ಯಾಪ್‌ಟಾಪಿಗೆ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್, ಮುಂಬೈಯೊಳಗ ತಗೊಂಡೇ ಹೋಗ್ರಿ.

ವಾಶಿ_ಅಕ್ಕ:
ಬಾಕರವಡಿ ಬೇಡ. ಸೌದಿಯಲ್ಲಿ ಗಸಗಸೆ ನಿಷಿದ್ಧ, ಅಫೀಮಿನ ಗಿಡದ್ದೇ ಬೀಜ ಅಲ್ವಾ. ಬಾಕರವಡಿಯ ಹೂರಣಕ್ಕೆ ಅದನ್ನ ಹಾಕೋದು ಮಾಮೂಲು. ಅನಾರಸೆಯ ಮೇಲೆ ಕಣ್ಣಿಗೇ ಕಾಣುತ್ತೆ, ಕರ್ಜಿಕಾಯಿಯೊಳಗೆ ಅಡಗಿರುತ್ತೆ. ಮನೆಯಲ್ಲಿ ಕಟ್ಟಿಕೊಟ್ಟ ಸಾರಿನಪುಡಿ, ಮಸಾಲೆ ಪುಡಿಗೂ ಇದೇ ಮಾತು: ಏನೇನು ಹಾಕಿದ್ದಾರೆ ಅಂತ ಕೇಳಿ, ಗೊತ್ತಿಲ್ಲ ಅಂದರೆ ಬಿಟ್ಟು ಹೋಗಿ. ನೋವಿಗೆ ಟ್ರಮಡಾಲ್, ಕೆಮ್ಮಿಗೆ ಕೊಡೀನ್ ಇರೋ ಸಿರಪ್ ತಗೊಳ್ಳೋರು ಮೊದಲೇ ಆನ್‌ಲೈನ್‌ನಲ್ಲಿ ಅನುಮತಿ ತಗೊಳ್ಳಿ. ಬೇರೆ ಮಾತ್ರೆಗಳನ್ನೂ ಡಬ್ಬಿಗೆ ಸುರಿದುಕೊಂಡು ಹೋಗಬೇಡಿ, ಸ್ಟ್ರಿಪ್ ಮತ್ತು ಡಾಕ್ಟರ ಚೀಟಿ ಜೊತೆಗಿರಲಿ.

ಮೇಡಂಗೆ: ಹೊರದೇಶದ ಹೆಂಗಸರಿಗೆ ಅಬಾಯಾ (ಮೈತುಂಬಾ ಮುಚ್ಚೋ ಸಡಿಲ ನಿಲುವಂಗಿ) ಕಡ್ಡಾಯ ಅಲ್ಲ, ತಲೆ ಮುಚ್ಚಲೇಬೇಕು ಅಂತಲೂ ಇಲ್ಲ. ತುಂಬು ತೋಳಿನ, ಮೊಣಕಾಲು ದಾಟೋ ಸಡಿಲ ಕುರ್ತಾ, ಒಂದು ದುಪಟ್ಟಾ ಇದ್ದರೆ ಕೆಲಸ ನಡೆಯುತ್ತೆ. ಸಾಂಪ್ರದಾಯಿಕ ಮನೆತನದ ಕಂಪನಿಗೆ ಹೋಗೋ ದಿನಕ್ಕೆ ಒಂದು ಅಬಾಯಾ ಬ್ಯಾಗಲ್ಲಿರಲಿ, ಮೊಹಮ್ಮದ್ ಅಲಿ ರಸ್ತೆಯಲ್ಲಿ ಬೇಕಾದಷ್ಟು ಸಿಗ್ತವೆ. ಕೈಕುಲುಕೋ ವಿಷಯದಲ್ಲಿ ಅವರು ಕೈ ಚಾಚೋವರೆಗೆ ಕಾಯಿರಿ. ಕೆಲವರು ಎದೆ ಮೇಲೆ ಕೈ ಇಟ್ಟುಕೊಳ್ತಾರೆ, ನೀವೂ ಹಾಗೇ ಮಾಡಿ. ನಿಮ್ಮ ಜೊತೆಗಿರೋ ಸರ್‌ಗೂ ಇದೇ, ಅಲ್ಲಿಯ ಮಹಿಳೆಯರ ಮುಂದೆ ತಾನಾಗಿ ಕೈ ಚಾಚಬಾರದು.

ಕೂತ ತಕ್ಷಣ 'ಗಹ್ವಾ', ಅಂದರೆ ಅರಬ್ಬರ ಕಾಫಿ ಬರುತ್ತೆ. ನಮ್ಮ ಡಿಕಾಕ್ಷನ್ ಅಂದುಕೊಂಡರೆ ಮೋಸ. ಬೀಜ ಸ್ವಲ್ಪವೇ ಹುರಿದಿರ್ತಾರೆ, ಬಣ್ಣ ಒಣಹುಲ್ಲಿನದು, ಏಲಕ್ಕಿ ಘಮ, ಸಕ್ಕರೆ ಇಲ್ಲ. ಸಿಹಿಗೆ ಖರ್ಜೂರ ಇರುತ್ತೆ. ಹಿಡಿ ಇಲ್ಲದ ಪುಟ್ಟ ಬಟ್ಟಲಿನ ತಳದಲ್ಲಿ ಒಂದೆರಡು ಗುಟುಕು ಹಾಕ್ತಾರೆ, ಅದು ಜಿಪುಣತನ ಅಲ್ಲ, ತುಂಬಿಸಿ ಕೊಡೋದೇ ಅಲ್ಲಿ ಅಗೌರವ. ಬಲಗೈಯಲ್ಲೇ ತಗೊಳ್ಳಿ. ಖಾಲಿ ಬಟ್ಟಲು ಸುಮ್ಮನೆ ಚಾಚಿದರೆ ಮತ್ತೆ ಹಾಕ್ತಾನೇ ಇರ್ತಾರೆ. ಸಾಕು ಅನ್ನೋಕೆ ಬಟ್ಟಲನ್ನ ಎಡಬಲ ಎರಡು ಸಲ ಅಲ್ಲಾಡಿಸಿ ಕೊಡಿ. ಮೊದಲನೆಯದನ್ನ ಮಾತ್ರ ಬೇಡ ಅನ್ನಬಾರದು.

ಭೋಸರಿ_ಪಂಪ್:
ತುಂಬಾ ಉಪಕಾರ ಆಯ್ತು. ಊಟಕ್ಕೆ? ದಿನಾಂಕ ಮುಂದೆ ಹೋಗಿ ರಮ್ಜಾನ್‌ಗೆ ಸಿಕ್ಕರೆ?

ಮಾಟುಂಗಾ_ಭಟ್ರು:
ಬೆಳಿಗ್ಗೆ 'ಫೂಲ್', ಅದು ಬೇಯಿಸಿ ಮಸೆದ ಬೀನ್ಸ್, ಜೊತೆಗೆ ತಂದೂರಿನ 'ತಮೀಸ್' ರೊಟ್ಟಿ. ಹೊಟ್ಟೆ ಮಧ್ಯಾಹ್ನದವರೆಗೆ ನಿಲ್ಲುತ್ತೆ. ಫಲಾಫೆಲ್, ಹಮ್ಮುಸ್ ಎಲ್ಲೆಡೆ ಸಿಗುತ್ತೆ. ಬೇಳೆಯ ಸೂಪ್ ಕಂಡರೆ ನಂಬಬೇಡಿ, ಕೋಳಿಯ ಸ್ಟಾಕ್‌ನಲ್ಲಿ ಮಾಡಿರಬಹುದು. "ಮಾಂಸ ಇಲ್ಲ" ಅಂದರೆ ಸಾಲದು, ಕೋಳಿ ಇಲ್ಲವಾ ಅಂತ ಬೇರೆ ಕೇಳಬೇಕು. 'ಲಬನ್' ಅಂದರೆ ಮಜ್ಜಿಗೆ, ಸೂಪರ್ ಮಾರ್ಕೆಟ್‌ನಲ್ಲಿ ಬಾಟಲಿ ಸಿಗುತ್ತೆ. ಅನ್ನ-ಸಾಂಬಾರ್ ಬೇಕೇ ಬೇಕು ಅಂದರೆ ಬತ್ಹಾ ಕಡೆಯ ಕೇರಳದ ಹೋಟೆಲುಗಳು.

ರಮ್ಜಾನ್‌ಗೆ ಆದಷ್ಟು ಹೋಗಬೇಡಿ. ಕೆಲಸ ದಿನಕ್ಕೆ 6 ಗಂಟೆಗೆ ಇಳಿಯುತ್ತೆ, ಊರು ರಾತ್ರಿ ಎಚ್ಚರ ಇರುತ್ತೆ. ಹೋಗಲೇಬೇಕಾದರೆ ಬೆಳಿಗ್ಗೆ 11ಕ್ಕೆ ಒಂದು ಭೇಟಿ, ಇನ್ನೊಂದು ರಾತ್ರಿ ತರಾವೀಹ್ ನಮಾಜು ಮುಗಿದ ಮೇಲೆ. ಹಗಲು ಹೊತ್ತು ಜನರ ಎದುರು ಒಂದು ಗುಟುಕು ನೀರೂ ಕುಡಿಯೋ ಹಾಗಿಲ್ಲ, ಟ್ಯಾಕ್ಸಿಯೊಳಗೂ ಬೇಡ. ಇಫ್ತಾರ್‌ಗೆ ಕರೆದರೆ ಮಾತ್ರ ತಪ್ಪಿಸಬೇಡಿ. ಆದರೆ ರೇಟಿನ ಮಾತು ಅಲ್ಲಿ ಎತ್ತಬಾರದು.

ಭೋಸರಿ_ಪಂಪ್:
ಬಾಕರವಡಿ ಪೊಟ್ಟಣದ ಹಿಂದೆ ಓದಿದೆ, ಗಸಗಸೆ ಇದೆ. ಲೋಣಾವಳದ ಶೇಂಗಾ ಚಿಕ್ಕಿ ತಗೊಂಡೆ. ಪಾಟೀಲರೇ, ಆ ವಿಎಫ್‌ಡಿ 5.5 ಕಿಲೋವ್ಯಾಟಿನದು ಸಾಕಾ?

ಡೊಂಬಿವಲಿ_ಪಾಟೀಲ:
3.7ರ ಮೋಟಾರಿಗೆ 50 ಹರ್ಟ್ಸ್‌ದಾಗ ಓಡಸ್ತೀರಂದ್ರ ಧಾರಾಳ ಆತು. ಮೋಟಾರಿನ ಆಂಪಿಯರ್ ಅದರೊಳಗ ತುಂಬೋದು ಮರೀಬ್ಯಾಡ್ರಿ.