ಮೂರು ತಿಂಗಳ ಮಗು ಹಾಲು ಕಕ್ಕುತ್ತಿದೆ, ರಾತ್ರಿ ಮಲಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಸಹಾಯ ಬೇಕು. ಮಗನಿಗೆ ಈಗ ಮೂರು ತಿಂಗಳು, ಎದೆಹಾಲು ಮಾತ್ರ ಕುಡಿಯುತ್ತಾನೆ. ಪ್ರತಿ ಸಲ ಕುಡಿದ ಮೇಲೂ ಕಕ್ಕುತ್ತಾನೆ. ಕೆಲವೊಮ್ಮೆ ಮೊಸರಿನ ಹಾಗೆ, ಕೆಲವೊಮ್ಮೆ ಮೂಗಿನಲ್ಲೂ ಬರುತ್ತದೆ. ಕಕ್ಕಿದ ಮೇಲೆ ನಗುತ್ತಾನೆ, ಅಳುವವಳು ನಾನು! ದಿನಕ್ಕೆ ಆರೇಳು ಅಂಗಿ ಒಗೆಯುತ್ತಿದ್ದೇನೆ.

ತೂಕ ಚೆನ್ನಾಗಿದೆ. ಹುಟ್ಟಿದಾಗ 2.9 ಕೆಜಿ, ಈಗ 5.8. ಹಸಿರು ಬಣ್ಣ, ರಕ್ತ, ಜ್ವರ ಏನೂ ಇಲ್ಲ. ಹಾಲು ಮೇಲೆ ಬಾರದಂತೆ ತಡೆಯುವ ಅನ್ನನಾಳದ ತುದಿಯ ಬಿಗಿ ಇನ್ನೂ ಬಲಿತಿಲ್ಲ, ಕೂರುವ ವಯಸ್ಸಿಗೆ ಕಕ್ಕುವುದು ಕಡಿಮೆಯಾಗುತ್ತಾ ಬರುತ್ತದೆ, ಔಷಧಿ ಬೇಡ ಎಂದರು ಡಾಕ್ಟರ್. ತೇಗು ಬರಿಸುತ್ತೇನೆ. ಸ್ವಲ್ಪ ಸ್ವಲ್ಪವೇ ಕುಡಿಸುತ್ತೇನೆ. ಅರ್ಧ ಗಂಟೆ ಹೆಗಲ ಮೇಲೆ ನೆಟ್ಟಗೆ ಹಿಡಿದಿರುತ್ತೇನೆ. ಹಗಲು ಪರವಾಗಿಲ್ಲ.

ತೊಂದರೆ ರಾತ್ರಿಯದು. ಅಂಗಾತ ಮಲಗಿಸಿದರೆ ಉಸಿರು ಕಟ್ಟುತ್ತದೆ, ಬೋರಲು ಹಾಕು ಇಲ್ಲವೇ ತಲೆದಿಂಬು ಕೊಡು ಎನ್ನುತ್ತಾರೆ ಅತ್ತೆ. ಜೊತೆಗೆ ಬಜೆ ತೇಯ್ದು ನೆಕ್ಕಿಸು, ರಾಗಿ ಸರಿ ಶುರು ಮಾಡು ಅಂತಲೂ. ಅವರದು ಪ್ರೀತಿಯೇ, ಬೈಯುವ ಹಾಗಿಲ್ಲ. ಡಾಕ್ಟರ್ ಮಾತ್ರ ಕಕ್ಕಿದರೂ ಅಂಗಾತವೇ, ದಿಂಬಿಲ್ಲದೆ, ಗಟ್ಟಿ ಹಾಸಿಗೆ ಮೇಲೆ ಅಂತ ಖಡಾಖಂಡಿತ ಹೇಳಿದ್ದಾರೆ. ಆರು ತಿಂಗಳವರೆಗೆ ಬೇರೇನೂ ಬೇಡವಂತೆ. ನಾನು ಹಾಗೇ ಮಾಡುತ್ತಿದ್ದೇನೆ, ಆದರೆ ಭಯಕ್ಕೆ ನಿದ್ದೆ ಇಲ್ಲ.

ನಿಮ್ಮ ಮಗುವೂ ಹೀಗೇ ಕಕ್ಕುತ್ತಿತ್ತಾ? ಅಂಗಾತ ಮಲಗಿಸಿಯೇ ರಾತ್ರಿ ಹೇಗೆ ನಿಭಾಯಿಸಿದಿರಿ, ಎಷ್ಟನೇ ತಿಂಗಳಿಗೆ ಕಡಿಮೆಯಾಯಿತು?